ಹಿಂದಿನ ಸಾಲಿನಲ್ಲಿ ಒಂದು ಜಾಗ

ಬುಧವಾರ, 7 ಆಗಸ್ಟ್ 2024
ಕೋಡಿಬಾಗ, ಕಾರವಾರ. ರಾತ್ರಿ 10.40

ನಿನ್ನೆ ಒಲಿಂಪಿಕ್ಸ್ ಹಾಕಿ ಸೆಮಿಫೈನಲ್, ಜರ್ಮನಿ ಜೊತೆಗಿನ ಮ್ಯಾಚ್ ಮುಗಿದಾಗ ಹನ್ನೆರಡು ದಾಟಿತ್ತು. 3-2, ನಾವು ಸೋತೆವು. ಟಿ.ವಿ. ಆರಿಸಿ ಮಲಗಿದೆ, ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ 54ನೇ ನಿಮಿಷದಲ್ಲಿ ಅವರು ಹೊಡೆದ ಆ ಗೋಲೇ ಬರುತ್ತಿತ್ತು. ಅಷ್ಟರಲ್ಲಿ ಫೋನ್ ಮೇಲೆ ಫೋನ್. ಕಾಳಿ ಹೊಳೆಯ ಹಳೆ ಸೇತುವೆ ಬಿತ್ತಂತೆ, ಲಾರಿಯೊಂದು ನೀರಿಗೆ ಹೋಯಿತಂತೆ. ಅಣ್ಣ ಟಾರ್ಚ್ ಹಿಡಿದು ಹೊರಟೇಬಿಟ್ಟ. ಲಾರಿ ಡ್ರೈವರನನ್ನು ಎತ್ತಿದರು, ಜೀವ ಇದೆ ಅಂತ ಅವನಿಂದ ಫೋನ್ ಬಂದ ಮೇಲೆ ಅಮ್ಮ ದೇವರ ಮುಂದೆ ದೀಪ ಹಚ್ಚಿದಳು. ರಾತ್ರಿ ಎರಡೂವರೆಗೆ.

ಶಿರೂರಿನ ಗುಡ್ಡ ಕುಸಿದು ಇನ್ನೂ ತಿಂಗಳು ತುಂಬಿಲ್ಲ. ಮಳೆ ಜೋರಾಯಿತೆಂದರೆ ಸಾಕು, ನಮ್ಮ ಕಡೆಯವರೆಲ್ಲ ಫೋನ್ ಮಾಡಿ ಎಲ್ಲಿದ್ದೀರಿ, ಮನೆ ಮುಟ್ಟಿದಿರಾ ಅಂತ ಕೇಳುವ ಹಾಗಾಗಿದೆ.

ಇವತ್ತು ಸಂಜೆ ಪ್ರಾಕ್ಟೀಸಿಗೆ ನಾನು ಆಡಿಸುವ ಹುಡುಗಿಯರ ಹಾಕಿ ತಂಡದ ರೈಟ್ ಬ್ಯಾಕ್, ಅಂದರೆ ಹಿಂದೆ ಬಲಗಡೆ ನಿಂತು ತಡೆಯುವವಳು, ಬರಲಿಲ್ಲ. ಅವಳ ಮನೆ ಹೊಳೆಯ ಆಚೆ, ಸದಾಶಿವಗಡದಲ್ಲಿ. ಮಧ್ಯಾಹ್ನವೇ ಅವಳ ಅಪ್ಪನಿಗೆ ಫೋನ್ ಮಾಡಿದ್ದೆ. "ಅಕ್ಕಾ, ಹೊಸ ಸೇತುವೆ ಗಟ್ಟಿ ಇದೆ ಅಂತ ಎಲ್ಲರೂ ಹೇಳ್ತಾರೆ. ಆದರೆ ನನ್ನ ಮನಸ್ಸು ಒಪ್ಪೋದಿಲ್ಲ. ಎರಡು ದಿನ ನೋಡ್ತೇನೆ" ಎಂದರು. ಏನು ಹೇಳಲಿ? ಬೆಳಗಿನ ಜಾವದ ಆ ಸದ್ದು ಅವರ ಅಂಗಳದವರೆಗೂ ಕೇಳಿಸಿದೆ. ಆಯ್ತು ಎಂದು ಫೋನ್ ಇಟ್ಟೆ.

ನಮ್ಮ ಹುಡುಗಿಯರ ಸೆಮಿಫೈನಲ್ 18ಕ್ಕೆ. ಹನ್ನೊಂದು ದಿನ. ಸೋತರೆ ಅಲ್ಲಿಗೆ ಈ ವರ್ಷ ಮುಗಿಯಿತು. ಹತ್ತನೇ ತರಗತಿಯ ಆರು ಹುಡುಗಿಯರು ಮತ್ತೆ ಈ ಅಂಗಿ ಹಾಕುವುದಿಲ್ಲ.

ಹಳಿಯಾಳದಲ್ಲಿ ಆಡಿದ ಮೂರು ಲೀಗ್ ಆಟಗಳ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿದೆ. ಐದು ಗೋಲು ತಿಂದೆವು. ಅದರಲ್ಲಿ ನಾಲ್ಕು ಪೆನಾಲ್ಟಿ ಕಾರ್ನರಿನಿಂದ (ಪಿ.ಸಿ.), ಅಂದರೆ ನಮ್ಮ ಗೋಲಿನ ಹತ್ತಿರ ನಾವು ತಪ್ಪು ಮಾಡಿದಾಗ ಎದುರಾಳಿಗೆ ಸಿಗುವ ಹೊಡೆತದಿಂದ. ಒಟ್ಟು ಹನ್ನೊಂದು ಪಿ.ಸಿ. ಕೊಟ್ಟಿದ್ದೇವೆ. ಏಳು ಸಲ ಚೆಂಡು ನಮ್ಮವರ ಕಾಲಿಗೆ ಬಡಿದದ್ದು, ಉಳಿದದ್ದು ಎದುರಾಳಿಯ ಕೋಲಿಗೆ ಹೊಡೆದದ್ದು. ಅಂದರೆ ನಮ್ಮನ್ನು ಆಟದಲ್ಲಿ ಸೀಳಿಕೊಂಡು ಹೋಗಿ ಹೊಡೆದ ಗೋಲು ಒಂದೇ ಒಂದು. ಮಿಕ್ಕಿದ್ದೆಲ್ಲ ನಾವೇ ಕೈಯಾರೆ ಕೊಟ್ಟದ್ದು. ಈ ಲೆಕ್ಕ ನೋಡಿದಾಗಲೆಲ್ಲ ನನಗೆ ಸಿಟ್ಟೂ ಬರುತ್ತದೆ, ಸ್ವಲ್ಪ ಧೈರ್ಯವೂ ಬರುತ್ತದೆ. ನಾವೇ ಕೊಟ್ಟದ್ದನ್ನು ನಾವೇ ನಿಲ್ಲಿಸಬಹುದು, ಅಲ್ವಾ?

ರೈಟ್ ಬ್ಯಾಕಿನ ಜಾಗಕ್ಕೆ ಪಿ.ಟಿ. ಅಕ್ಕೋರು ಬೇರೆ ಯೋಚನೆ ಮಾಡಿದ್ದಾರೆ. ಸೆಂಟರ್ ಫಾರ್ವರ್ಡ್ ಹುಡುಗಿಯನ್ನು ಹಿಂದೆ ತರೋಣ ಎನ್ನುತ್ತಾರೆ. "ಅವಳು ಓಡ್ತಾಳೆ, ಹೆದರೋದಿಲ್ಲ, ಹಿಂದೆ ನಿಂತರೆ ಗೋಡೆ ಇದ್ದ ಹಾಗೆ." ಅಕ್ಕೋರ ಮೇಲೆ ನನಗೆ ಎಷ್ಟು ಗೌರವ ಇದೆ ಅಂತ ನಿಮಗೆಲ್ಲ ಗೊತ್ತು. ಆದರೂ ಇದು ನನಗೆ ಸರಿ ಕಾಣಲಿಲ್ಲ. ಮಳೆ ಅಂತ ಶಾಲೆಯ ಹಾಲ್‌ನಲ್ಲೇ ಆಡಿಸುತ್ತಿದ್ದೆವು, ಹುಡುಗಿಯರೆಲ್ಲ ಹತ್ತಿರದಲ್ಲೇ ಇದ್ದರು. ಅವರ ಮುಂದೆ ವಾದ ಬೇಡ ಎಂದು ಸುಮ್ಮನಾದೆ. ಸುಮ್ಮನಾದದ್ದು ಹೊಟ್ಟೆಯಲ್ಲೇ ಉಳಿಯಿತು. ಅದಕ್ಕೇ ಪ್ರಾಕ್ಟೀಸ್ ಮುಗಿಸಿ ನೇರ ನನಗೆ ಹಾಕಿ ಕಲಿಸಿದ ಮಾಸ್ತರ ಮನೆಗೆ ಹೋದೆ.

ಮಾಸ್ತರು ಜಗಲಿಯ ಮೇಲೆ ಕೂತಿದ್ದರು. ಮೊಣಕಾಲಿಗೆ ಬಟ್ಟೆ ಸುತ್ತಿತ್ತು. ಮಳೆಗಾಲದಲ್ಲಿ ಅವರಿಗೆ ಆ ಕಾಲು ನೋಯುತ್ತದೆ. "ಬಾ ತಂಗೀ. ನಿನ್ನೆ ಮ್ಯಾಚ್ ನೋಡಿದ್ಯಾ?" ಸೇತುವೆ ಮಾತೂ ಬಂತು, ಕುಸ್ತಿಯ ವಿನೇಶ್ ಫೋಗಟ್ ಮಾತೂ ಬಂತು. ತೂಕ ನೂರು ಗ್ರಾಂ ಹೆಚ್ಚಾಯಿತೆಂದು ಫೈನಲ್‌ಗೆ ಮೊದಲೇ ಹೊರಗೆ ಹಾಕಿದರು. ಅದನ್ನು ಹೇಳುವಾಗ ಅವರ ದನಿ ನಡುಗಿತು. ಅದರ ಬಗ್ಗೆ ಬರೆಯಲು ಇವತ್ತು ನನ್ನಿಂದ ಆಗುವುದಿಲ್ಲ.

ಅಮ್ಮ, ಅಂದರೆ ಮಾಸ್ತರ ಹೆಂಡತಿ, ಕಷಾಯ ತಂದಿಟ್ಟರು. ನಾನು ನೋಟ್‌ಬುಕ್ ತೆಗೆದು ಲೆಕ್ಕ ತೋರಿಸಿದೆ. ಮಾಸ್ತರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಏಳು ಎಂದರು. ಮೂಲೆಯಲ್ಲಿದ್ದ ಎರಡು ಕೊಡೆ ತೆಗೆದರು, ಒಂದು ನನ್ನ ಕೈಗೆ ಕೊಟ್ಟರು. ಬುಟ್ಟಿಯಿಂದ ಒಂದು ಅಡಿಕೆ ತೆಗೆದು ಕೆಂಪು ನೆಲದ ಮೇಲೆ ಇಟ್ಟರು.

"ಇದು ಚೆಂಡು. ನಾನು ಬರ್ತೇನೆ. ತಡಿ ನೋಡುವ."

ಎಪ್ಪತ್ತು ದಾಟಿದ ಮನುಷ್ಯ. ಕೊಡೆಯ ಹಿಡಿಕೆಯಿಂದ ಅಡಿಕೆ ತಳ್ಳುತ್ತಾ ಮೆಲ್ಲಗೆ ಬಂದರು. ಇನ್ನೇನು ಹತ್ತಿರ ಬಂದರು ಅನ್ನುವಾಗ ನಾನು ಕೊಡೆ ಚಾಚಿದೆ. ಅಡಿಕೆ ಸರಕ್ಕನೆ ನನ್ನ ಎಡಗಡೆಯಿಂದ ದಾಟಿತು, ಮಾಸ್ತರೂ ದಾಟಿದರು.

"ಕೋಲು ಹಾಕಿಬಿಟ್ಟೆ. ನನಗೆ ಬೇಕಾಗಿದ್ದದ್ದು ಅದೇ. ಈಗ ನೀನು ಹಿಂದಿನಿಂದ ಓಡಿ ಬಂದು ಹೊಡೀಬೇಕು. ಹೊಡೆದರೆ ನನ್ನ ಕೋಲಿಗೇ ತಾಗ್ತದೆ. ಪಿ.ಸಿ."

ಮತ್ತೆ ಬಂದರು. ಈ ಸಲ ಬಾಯಲ್ಲೇ ಹೇಳುತ್ತಾ ಹೋದರು. "ಹಿಂದೆ ಸರಿ. ಕೊಡೆ ನೆಲಕ್ಕೆ ತಾಗಿರಲಿ. ಇನ್ನೂ ಸರಿ. ಕಾಲು ಒಂದರ ಹಿಂದೆ ಒಂದು ಇರಲಿ, ಅಗಲ ಮಾಡಿ ನಿಂತರೆ ಚೆಂಡು ಅಲ್ಲೇ ಹೋಗಿ ಬಡೀತದೆ. ನಿನ್ನ ಬಲಗಡೆಗೆ ಸ್ವಲ್ಪ ದಾರಿ ಬಿಡು. ಎಡಗಡೆ ಮುಚ್ಚು."

ಬಲಗಡೆ ಯಾಕೆ ಅಂತ ಆಡಿದವರಿಗೆ ಗೊತ್ತು. ಹಾಕಿ ಕೋಲಿಗೆ ಚಪ್ಪಟೆ ಮುಖ ಒಂದೇ. ಉಬ್ಬಿದ ಬೆನ್ನಿನಿಂದ ಆಡುವ ಹಾಗಿಲ್ಲ. ನನ್ನ ಬಲಗಡೆ ಎಂದರೆ ಬರುವವಳ ಎಡಗಡೆ. ಅಲ್ಲಿ ಅವಳು ಕೋಲು ತಿರುಗಿಸಿ ಹಿಡಿಯಬೇಕು, ಬಲ ಕಡಿಮೆ. ನನಗೆ ಅದೇ ನೇರ ಕೈ. ಅವಳಿಗೆ ಕಷ್ಟದ ಕಡೆ, ನನಗೆ ಸುಲಭದ ಕಡೆ. ಹಾಗೆ ಅವಳನ್ನು ಅಂಚಿನ ಗೆರೆಯ ಕಡೆಗೆ ನಡೆಸಿಕೊಂಡು ಹೋಗಬೇಕು. ಇದನ್ನು 1994ರಲ್ಲಿ ಇದೇ ಮನುಷ್ಯ ನನಗೆ ಕಲಿಸಿದ್ದರು. ಹುಡುಗಿಯರಿಗೆ ನಾನೂ ನೂರು ಸಲ ಹೇಳಿದ್ದೇನೆ. ಆದರೆ ಅಡಿಕೆ ಎದುರಿಗೆ ಬಂದಾಗ ನಾನೇ ಕೋಲು ಹಾಕಿಬಿಟ್ಟೆ.

ಮೂರನೇ ಸಲ ಹಿಂದೆ ಸರಿಯುತ್ತಾ ಹೋದೆ. ಮಾಸ್ತರು ಜಗಲಿಯ ಕಂಬದವರೆಗೆ ಬಂದರು. ಮುಂದೆ ಜಾಗ ಇರಲಿಲ್ಲ. ಅಡಿಕೆ ಅವರ ಕೊಡೆಯಿಂದ ಒಂದು ಗೇಣು ದೂರ ಸರಿಯಿತು. ಆಗ ಮೆಲ್ಲಗೆ ಕೊಡೆ ಇಟ್ಟು ಎಳೆದುಕೊಂಡೆ.

"ಅಷ್ಟೇ" ಎಂದು ಕೂತರು. ಉಸಿರು ಏರಿತ್ತು. ಅಮ್ಮ ಒಳಗಿನಿಂದ ಬೈದರು.

ಅಕ್ಕೋರ ಯೋಚನೆಯನ್ನು ಆಗ ಹೇಳಿದೆ. ಮಾಸ್ತರು ತಕ್ಷಣ ಏನೂ ಹೇಳಲಿಲ್ಲ. ಅವರು ತಿರುಗಿ ಕೇಳಿದ ಪ್ರಶ್ನೆ ಈಗಲೂ ತಲೆಯಲ್ಲಿದೆ. "ಭಾನುವಾರ ಬ್ರಿಟನ್ ಎದುರು ಹತ್ತೇ ಜನ ಆಡಿದರು. ಗೆದ್ದರು. ನಿನ್ನೆ ಹನ್ನೊಂದು ಜನ ಇದ್ದರು. ಸೋತರು. ಯಾಕೆ ಹೇಳು?"

ಭಾನುವಾರದ ಆಟ ನೆನಪು ಮಾಡಿಕೊಂಡೆ. 17ನೇ ನಿಮಿಷದಲ್ಲಿ ನಮ್ಮ ಬ್ಯಾಕ್ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್, ಆಟದಿಂದ ಹೊರಗೆ. ಉಳಿದ ಸುಮಾರು 43 ನಿಮಿಷ ಒಬ್ಬ ಕಡಿಮೆ. ಮೊದಲ ಗೋಲು ಹರ್ಮನ್‌ಪ್ರೀತ್ ಹೊಡೆದರು, ಬ್ರಿಟನ್ನಿನವರೂ ಒಂದು ಹೊಡೆದರು, 1-1. ಆಮೇಲೆ ಶೂಟೌಟಿನಲ್ಲಿ 4-2. ಅವತ್ತು ಮುಂದೆ ಆಡುವವರೆಲ್ಲ ಹಿಂದೆ ಬಂದಿದ್ದರು. ಒಬ್ಬ ಇಲ್ಲ ಎಂಬುದು ಪ್ರತಿಯೊಬ್ಬನಿಗೂ ಗೊತ್ತಿತ್ತು. ಹಾಗಾಗಿ ಪ್ರತಿಯೊಬ್ಬನೂ ಅವನ ಪಾಲಿನ ಒಂದೊಂದು ತುಣುಕನ್ನು ಹೊತ್ತ. ಅವರ ಹಿಂದೆ ಗೋಲಿ ಶ್ರೀಜೇಶ್ ಇದ್ದರು.

ನಿನ್ನೆ ಲೆಕ್ಕಕ್ಕೆ ಹನ್ನೊಂದು ಜನ ಇದ್ದರು. ಆದರೆ ಒಂದು ಪಂದ್ಯದ ನಿಷೇಧ ಅಂತ ರೋಹಿದಾಸ್ ಹೊರಗೆ. ಪಿ.ಸಿ.ಯಲ್ಲಿ ಎಲ್ಲರಿಗಿಂತ ಮೊದಲು ಓಡಿ ಹೋಗಿ ಮೈ ಒಡ್ಡುವವನು ಅವನೇ. ಜರ್ಮನಿಯ ಮೂರರಲ್ಲಿ ಒಂದು ಪಿ.ಸಿ., ಒಂದು ಪೆನಾಲ್ಟಿ ಸ್ಟ್ರೋಕ್. ಅವನಿದ್ದರೆ ಗೆಲ್ಲುತ್ತಿದ್ದೆವು ಅಂತ ಹೇಳಲು ಬರುವುದಿಲ್ಲ. ಆದರೆ ಅವನ ಜಾಗ ಖಾಲಿ ಇದ್ದದ್ದು ನನ್ನ ಕಣ್ಣಿಗೆ ಪ್ರತಿ ಸಲವೂ ಕಂಡಿತು.

ಇದನ್ನೆಲ್ಲ ಹೇಳಿದೆ. ಮಾಸ್ತರು ತಲೆ ಆಡಿಸಿದರು. "ನಿನ್ನ ಸೆಂಟರ್ ಫಾರ್ವರ್ಡ್ ಹಿಂದೆ ಬಂದರೆ ಮುಂದೆ ಚೆಂಡು ಹಿಡಿದು ನಿಲ್ಲೋರು ಯಾರು? ನಿಮ್ಮವರು ಇಲ್ಲಿಂದ ಹೊಡೆದು ಕಳಿಸ್ತಾರೆ. ಮುಂದೆ ಹಿಡಿಯೋರು ಇಲ್ಲ ಅಂದರೆ ಹತ್ತು ಸೆಕೆಂಡಿಗೆ ಚೆಂಡು ವಾಪಸ್. ಮತ್ತೆ ಹೊಡೀಬೇಕು. ಮತ್ತೆ ವಾಪಸ್. ಬ್ಯಾಕ್‌ಗಳಿಗೆ ಉಸಿರು ಬಿಡಲಿಕ್ಕೆ ಸಮಯ ಕೊಡೋದು ಫಾರ್ವರ್ಡೇ ತಂಗೀ."

ನನ್ನ ಹೊಟ್ಟೆಯಲ್ಲಿ ಇದ್ದದ್ದೂ ಇದೇ. ಮಾತು ಸಿಕ್ಕಿರಲಿಲ್ಲ. ಇನ್ನೊಂದೂ ಇದೆ. ಫಾರ್ವರ್ಡ್ ಆಡಿದವಳು ತಡೆಯುವಾಗಲೂ ಫಾರ್ವರ್ಡ್ ಹಾಗೇ ತಡೆಯುತ್ತಾಳೆ. ನುಗ್ಗುತ್ತಾಳೆ. ಮೈದಾನದ ಮಧ್ಯೆ ನುಗ್ಗಿ ತಪ್ಪಿದರೆ ಒಂದು ಫ್ರೀ ಹಿಟ್ ಹೋಗುತ್ತದೆ, ಅಷ್ಟೇ. ನಮ್ಮ ಡಿ, ಅಂದರೆ ಗೋಲಿನ ಮುಂದಿನ ಬಾಗಿದ ಗೆರೆ, ಅದರ ಒಳಗೆ ತಪ್ಪಿದರೆ ಪಿ.ಸಿ. 23 ಮೀಟರ್ ಗೆರೆಯ ಈಚೆ ಬೇಕಂತಲೇ ತಪ್ಪು ಮಾಡಿದರೂ ಪಿ.ಸಿ.

ಆ ಜಾಗಕ್ಕೆ ನನ್ನ ಮನಸ್ಸಿನಲ್ಲಿರುವುದು ಲೆಫ್ಟ್ ಹಾಫ್, ಅಂದರೆ ನಡುಸಾಲಿನ ಎಡಗಡೆ, ಆಡುವ ಸಣ್ಣವಳು. ಬೈತ್‌ಖೋಲದಿಂದ ನಡೆದು ಬರುವವಳು. ಅವಳು ಮೂರು ಆಟದಲ್ಲಿ ಒಂದೂ ಪಿ.ಸಿ. ಕೊಟ್ಟಿಲ್ಲ. ಯಾರೂ ಅದನ್ನು ಗಮನಿಸಿಲ್ಲ, ಏಕೆಂದರೆ ಅವಳು ಚೆಂಡು ಕಸಿದುಕೊಂಡದ್ದೂ ಕಡಿಮೆ. ಸುಮ್ನೆ ಎದುರಿಗೆ ಇರುತ್ತಾಳೆ. ಸರಿಯುತ್ತಾಳೆ, ಸರಿಯುತ್ತಾಳೆ, ಬಂದವಳಿಗೆ ಬೇಜಾರು ಬಂದು ಚೆಂಡು ಹೊರಗೆ ಹೋಗುತ್ತದೆ. ಸಂಜೆ ಹಾಲ್‌ನಲ್ಲಿ ಅವಳ ಹತ್ತಿರ "ಬ್ಯಾಕ್ ಆಡ್ತೀಯಾ?" ಎಂದು ಮೆಲ್ಲಗೆ ಕೇಳಿದ್ದೆ. "ನನಗೆ ಹೊಡೆಯೋಕೆ ಬರೋದಿಲ್ಲ ಅಕ್ಕಾ" ಎಂದಳು. ಕೋಲಿನ ತುದಿಯಿಂದ ನೆಲದ ಮೇಲಿನ ನೀರು ಕೆರೆಯುತ್ತಾ ನಿಂತಿದ್ದಳು. ಬರೋದಿಲ್ಲ ಅಂತ ಅವಳಿಗೆ ಯಾರು ಹೇಳಿದರೋ. ಬಹುಶಃ ನಾವೇ, ಪ್ರತಿ ಆಟ ಮುಗಿದ ಮೇಲೆ ಗೋಲು ಹೊಡೆದವರ ಬೆನ್ನು ಮಾತ್ರ ತಟ್ಟಿ.

ನಾಳೆ ಅವಳ ಬೆನ್ನು ತಟ್ಟುತ್ತೇನೆ. ಎಲ್ಲರ ಎದುರಿಗೆ.

ಪಿ.ಸಿ. ಪೂರ್ತಿ ನಿಲ್ಲುವುದಿಲ್ಲ ಅನ್ನುವುದೂ ಗೊತ್ತು. ಗೋಲಿ ಸೇರಿ ಐದೇ ಜನ ಗೆರೆಯ ಹಿಂದೆ ನಿಲ್ಲಬಹುದು. ಈ ವಯಸ್ಸಿನಲ್ಲಿ ಎದುರಿನವರು ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಕೋಲಿನಲ್ಲಿ ಎಳೆದು ಎಸೆಯುವುದು) ಮಾಡುವುದಿಲ್ಲ, ಹಿಟ್ ಹೊಡೆಯುತ್ತಾರೆ. ಮೊದಲ ಹೊಡೆತ ಹಿಟ್ ಆದರೆ ಅದು 460 ಮಿಲಿಮೀಟರಿಗಿಂತ ಮೇಲೆ ಗೋಲು ದಾಟುವಂತಿಲ್ಲ. ಗೋಲಿನ ಒಳಗಿನ ಹಲಗೆಯ ಎತ್ತರ ಅಷ್ಟೇ. ಹಾಗಾಗಿ ಕಂಬದ ಹತ್ತಿರದವಳು ಕೋಲು ನೆಲಕ್ಕೆ ಹಾಸಿ ನಿಂತರೆ ಅರ್ಧ ಕೆಲಸ ಆಯಿತು. ಹೊಡೆಯುವವಳ ಕಡೆಗೆ ಓಡಿ ಹೋಗುವವಳದ್ದೇ ನನಗೆ ಭಯ. ಐದು ಮೀಟರಿಗಿಂತ ಹತ್ತಿರ ಹೋದವಳಿಗೆ ಚೆಂಡು ಮೊಣಕಾಲಿಗಿಂತ ಕೆಳಗೆ ತಾಗಿದರೆ ಮತ್ತೊಂದು ಪಿ.ಸಿ., ಮೊಣಕಾಲಿಗೆ ಅಥವಾ ಅದರ ಮೇಲೆ ತಾಗಿದರೆ ನಮಗೇ ಫ್ರೀ ಹಿಟ್. ನಿಯಮ ಚೆನ್ನಾಗಿಯೇ ಇದೆ. ಆದರೆ ಹದಿನೈದು ವರ್ಷದ ಮಗುವಿನ ಮುಖಕ್ಕೆ ತಾಗಿದರೆ ಆ ಫ್ರೀ ಹಿಟ್ ತಗೊಂಡು ಏನು ಮಾಡಲಿ? ನಮ್ಮ ಚೀಲದಲ್ಲಿರುವ ಮುಖದ ಮಾಸ್ಕ್ ಎರಡೇ. ಅದರಲ್ಲಿ ಒಂದರ ಪಟ್ಟಿ ಕಿತ್ತಿದೆ. ಗೋಲಿಯನ್ನು ಬಿಟ್ಟು ನಾಲ್ವರಿಗೂ ಇಲ್ಲದೆ ನಾನು ಪಿ.ಸಿ. ಅಭ್ಯಾಸ ಮಾಡಿಸುವುದಿಲ್ಲ. ಅಣ್ಣನ ಹತ್ತಿರ ದುಡ್ಡು ಕೇಳಿದ್ದೇನೆ. ಹುಬ್ಬಳ್ಳಿಗೆ ಹೋಗುವವರು ಯಾರಾದರೂ ಇದ್ದರೆ ತಿಳಿಸಿ.

ಈಗಷ್ಟೇ ಸದಾಶಿವಗಡದಿಂದ ಫೋನ್ ಬಂತು. ಮಗಳು ಊಟ ಬಿಟ್ಟು ಕೂತಿದ್ದಾಳಂತೆ. "ಅಕ್ಕಾ, ಹೊಳೆ ಸ್ವಲ್ಪ ಇಳೀಲಿ. ನನ್ನ ದೋಣಿಯಲ್ಲೇ ಕೋಡಿಬಾಗಕ್ಕೆ ತಂದು ಬಿಡ್ತೇನೆ. ಸಂಜೆ ನಾನೇ ಬಂದು ಕರ್ಕೊಂಡು ಹೋಗ್ತೇನೆ" ಎಂದರು. ನನಗೆ ಗಂಟಲು ಕಟ್ಟಿತು. ಹೊಳೆ ಇಳಿಯದೆ ಮಾತ್ರ ಬೇಡ, ದಯವಿಟ್ಟು ಬೇಡ ಎಂದೆ.

ಹಾಗಾದರೆ ಸಣ್ಣವಳನ್ನು ಏನು ಮಾಡಲಿ? ಇಬ್ಬರೂ ಇದ್ದರೆ ಸಣ್ಣವಳು ಎಡಗಡೆ ಬ್ಯಾಕ್, ಇವಳು ಬಲಗಡೆ. ಆಗ ಲೆಫ್ಟ್ ಹಾಫ್ ಖಾಲಿ. ಅದನ್ನು ಅಕ್ಕೋರ ಜೊತೆ ಕೂತು ಮಾತಾಡಬೇಕು, ಹುಡುಗಿಯರು ಬರುವ ಮೊದಲೇ. ನಾಳೆ ಐದೂವರೆಗೆ ಸ್ಪೇನ್ ಜೊತೆ ಕಂಚಿನ ಮ್ಯಾಚ್, ರೋಹಿದಾಸ್ ವಾಪಸ್ ಬರುತ್ತಾನೆ. ಮಕ್ಕಳಿಗೆ ಅವನನ್ನು ತೋರಿಸಬೇಕು, ಪಿ.ಸಿ. ಬಂದಾಗ ಅವನ ಕಾಲನ್ನೇ ನೋಡಿ ಅಂತ ಹೇಳಬೇಕು. ಪ್ರಾಕ್ಟೀಸ್ ಮೂರೂವರೆಗೇ ಇಟ್ಟರೆ ಆಗುತ್ತದೆ.

ರೈಟ್ ಬ್ಯಾಕಿನ ಕೋಲು ನನ್ನ ಹತ್ತಿರವೇ ಇದೆ. ಗ್ರಿಪ್ ಸವೆದಿದೆ ಎಂದು ಶನಿವಾರ ಕೊಟ್ಟುಹೋಗಿದ್ದಳು. ಇದನ್ನು ಬರೆಯುತ್ತಲೇ ಹೊಸ ಗ್ರಿಪ್ ಸುತ್ತುತ್ತಿದ್ದೇನೆ. ಅರ್ಧಕ್ಕೆ ಬಂದಿದೆ. ಹೊರಗೆ ಮತ್ತೆ ಮಳೆ ಹಿಡಿಯಿತು, ಹಂಚಿನ ಮೇಲೆ ಸದ್ದು ಜೋರಾಗುತ್ತಿದೆ. ಹೊಳೆ ಇವತ್ತು ರಾತ್ರಿ ಇಳಿಯುವ ಹಾಗೆ ಕಾಣುವುದಿಲ್ಲ.