ಕಾಲ್ಕಾ–ಶಿಮ್ಲಾ: ಸುರಂಗ ನೋಡಲೆಂದೇ ಹೊರಟವರಿಗೆ

ಕಾಲ್ಕಾದಿಂದ ಶಿಮ್ಲಾಗೆ 96 ಕಿ.ಮೀ. ದಾರಿ, ಅದರಲ್ಲಿ 102 ಸುರಂಗ. ಬಹಳ ಜನ ಕಣಿವೆಯ ಫೋಟೊ ತೆಗೆದುಕೊಂಡು, ಕತ್ತಲಾದಾಗ ಕೂಗು ಹಾಕಿ ಶಿಮ್ಲಾ ತಲುಪಿಬಿಡುತ್ತಾರೆ. ಈ ಮಾರ್ಗದ ನಿಜವಾದ ಸೊಗಸು ಆ ಕತ್ತಲಿನಲ್ಲೇ ಇದೆ.

ಕರ್ನಾಟಕದಿಂದ ಹೋಗುವವರಿಗೆ ಯಶವಂತಪುರ–ಚಂಡೀಗಢ ಸಂಪರ್ಕ ಕ್ರಾಂತಿ ಅನುಕೂಲ. ಅದು ದಿನವೂ ಇಲ್ಲ, ವಾರ ನೋಡಿಕೊಂಡು ಬುಕ್ ಮಾಡಿ. ಚಂಡೀಗಢದಿಂದ ಕಾಲ್ಕಾ ಹತ್ತಿರವೇ. ಕಾಲ್ಕಾದಿಂದ ಹೊರಡುವ ಪುಟ್ಟ ರೈಲಿಗೆ ಮುಂಗಡ ಟಿಕೆಟ್ ಮಾಡಿಸಿಕೊಳ್ಳುವುದು ಒಳ್ಳೆಯದು. ಹಗಲು ಹೊತ್ತಿನ ಗಾಡಿಯನ್ನೇ ಆರಿಸಿ. ನಡುದಾರಿಯ ಬರೋಗ್ ನಿಲ್ದಾಣದಲ್ಲಿ ನಿಲ್ಲುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಗಾಜಿನ ಬೋಗಿಗಿಂತ ತೆರೆಯುವ ಕಿಟಕಿಯ ಬೋಗಿ ಒಳ್ಳೆಯದು: ಕಲ್ಲುಗೋಡೆ, ಅದರ ಮೇಲೆ ಸೋರುವ ನೀರು, ಒಮ್ಮೆಲೇ ಕವಿಯುವ ಚಳಿ ಎಲ್ಲವೂ ಸಿಗುತ್ತವೆ. ಗೋಡೆ ತೀರ ಹತ್ತಿರ ಬರುತ್ತದೆ, ಕೈ ತಲೆ ಹೊರಗೆ ಹಾಕಬೇಡಿ. ಬೋಗಿ ಕಿರಿದು, ದೊಡ್ಡ ಸೂಟ್‌ಕೇಸ್ ಇಡಲು ಜಾಗವಿಲ್ಲ.

ಮಾರ್ಗ ತೆರೆದದ್ದು 1903ರ ನವೆಂಬರ್‌ನಲ್ಲಿ. 1898ರ ಒಪ್ಪಂದದಲ್ಲಿ ಹಳಿಯ ಅಗಲ 2 ಅಡಿ ಎಂದಿತ್ತು. ಸೇನೆ ಒಪ್ಪದ್ದರಿಂದ 2 ಅಡಿ 6 ಅಂಗುಲವಾಯಿತು. ಹಳಿ ಕಿರಿದಾಗಿದ್ದರಿಂದಲೇ ಅಷ್ಟು ಬಿಗಿಯಾದ ತಿರುವುಗಳಲ್ಲಿ ಗಾಡಿ ತಿರುಗುತ್ತದೆ. ಏರು 33ಕ್ಕೆ 1, ಅಂದರೆ 33 ಮೀಟರ್ ಸಾಗಿದರೆ 1 ಮೀಟರ್ ಮೇಲೇರುತ್ತದೆ. ಇದಕ್ಕಿಂತ ಕಡಿದಾಗಿ ಏರಿಸುವಂತಿಲ್ಲ, ಹಾಗಾಗಿ ಬೆಟ್ಟದ ಚಾಚು ಅಡ್ಡ ಬಂದಲ್ಲೆಲ್ಲ ಸುತ್ತಬೇಕು, ಸುತ್ತಲಾಗದಲ್ಲಿ ಕೊರೆಯಬೇಕು.

ಪ್ರತಿ ಸುರಂಗದ ಬಾಯಲ್ಲೂ ಅದರ ಸಂಖ್ಯೆ, ಉದ್ದ ಬರೆದಿರುತ್ತದೆ. ಆ ಸಂಖ್ಯೆ ಓದುತ್ತಾ ಹೋದರೆ ಕೊನೆಯದು 103. ಹಾಗಾದರೆ 102 ಹೇಗೆ? ಮೊದಲು 107 ಇದ್ದವು, 1930ರಲ್ಲಿ 103ಕ್ಕೆ ಇಳಿದವು. 46ನೆಯದನ್ನು 2006ರಲ್ಲಿ ತೆಗೆದುಹಾಕಿದರು, ಉಳಿದವುಗಳ ಸಂಖ್ಯೆ ಬದಲಿಸಲಿಲ್ಲ. ಕೋಟಿ ನಿಲ್ದಾಣದ ಹತ್ತಿರದ 10ನೆಯದು ಸುಮಾರು 694 ಮೀಟರ್, ತಾರಾದೇವಿಯ 91ನೆಯದು 992 ಮೀಟರ್.

ಎಲ್ಲಕ್ಕಿಂತ ಉದ್ದವಾದದ್ದು 33ನೆಯದು, ಬರೋಗ್ ಸುರಂಗ: 1,143 ಮೀಟರ್, ಬಾಣದಂತೆ ನೇರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಮೂರು ನಿಮಿಷಕ್ಕೆ ಸ್ವಲ್ಪ ಕಡಿಮೆ. ಬಿರುಕುಬಿಟ್ಟ ಮರಳುಗಲ್ಲಿನಲ್ಲಿ ಕೊರೆದದ್ದು. ಇದಕ್ಕೂ ಮೊದಲು ಕರ್ನಲ್ ಬರೋಗ್ ಎಂಬ ಬ್ರಿಟಿಷ್ ಎಂಜಿನಿಯರ್ ಎರಡು ಕಡೆಯಿಂದ ತೋಡಿಸಿದ ಸುರಂಗ ನಡುವೆ ಸೇರಲೇ ಇಲ್ಲ. ಎರಡು ತುದಿಯಿಂದ ತೋಡುವಾಗ ದಿಕ್ಕಿನ ಲೆಕ್ಕವೇ ಪ್ರಾಣ. 570 ಮೀಟರ್ ಒಳಗೆ ಹೋಗುವಷ್ಟರಲ್ಲಿ ಒಂದೇ ಡಿಗ್ರಿ ತಪ್ಪು 10 ಮೀಟರ್ ಅಂತರವಾಗುತ್ತದೆ. ಎರಡೂ ಕಡೆ ತಪ್ಪಿದರೆ ಇನ್ನೂ ಹೆಚ್ಚು. ಸರ್ಕಾರ ಆತನಿಗೆ ಒಂದು ರೂಪಾಯಿ ದಂಡ ಹಾಕಿತು, ಅವಮಾನ ತಾಳದೆ ಆತ ಪ್ರಾಣ ಬಿಟ್ಟ ಎಂದು ಅಲ್ಲಿನವರು ಹೇಳುತ್ತಾರೆ. ಈಗಿನ ಸುರಂಗವನ್ನು ಮುಖ್ಯ ಎಂಜಿನಿಯರ್ ಎಚ್.ಎಸ್. ಹ್ಯಾರಿಂಗ್ಟನ್ ಮುಗಿಸಿದರು, ದಾರಿ ತೋರಿದವನು ಬಾಬಾ ಭಲ್ಕು ಎಂಬ ಸ್ಥಳೀಯ ಸಾಧು ಎಂಬ ಮಾತಿದೆ. ಶಿಮ್ಲಾದ ರೈಲು ವಸ್ತುಸಂಗ್ರಹಾಲಯಕ್ಕೆ ಆತನದೇ ಹೆಸರು.

ಸುರಂಗ ಮುಗಿಯುತ್ತಿದ್ದಂತೆ ಬರೋಗ್ ನಿಲ್ದಾಣ. ತಿಂಡಿಗೆ ಸಾಲು ನಿಲ್ಲುವ ಬದಲು ಪ್ಲಾಟ್‌ಫಾರ್ಮಿನ ಹಿಂದಿನ ತುದಿಗೆ ನಡೆದುಹೋಗಿ, ಅಲ್ಲಿಂದ ಸುರಂಗದ ಬಾಯಿ ನೋಡಬಹುದು. ಹಳಿಗೆ ಇಳಿಯಬೇಡಿ. ಬಿಟ್ಟುಹೋದ ಹಳೆಯ ಸುರಂಗ ಸುಮಾರು ಒಂದು ಕಿ.ಮೀ. ದೂರದಲ್ಲಿದೆ. ಹೊರಗಿನಿಂದ ನೋಡಿ ಸಾಕು, ಒಳಗೆ ಗಾಳಿಯಾಡುವುದಿಲ್ಲ, ಕಲ್ಲು ಯಾವಾಗ ಉದುರೀತೋ ಹೇಳಲಾಗದು.

ಜುಲೈ, ಆಗಸ್ಟ್ ಖಂಡಿತ ಬೇಡ. ಸುರಂಗಗಳು ಗಟ್ಟಿಯಾಗಿಯೇ ಇರುತ್ತವೆ, ಕೆಡುವುದು ಅವುಗಳ ನಡುವಿನ ಇಳಿಜಾರು. 2023ರ ಆಗಸ್ಟ್‌ನಲ್ಲಿ ಶಿಮ್ಲಾ ಬಳಿಯ ಸಮ್ಮರ್ ಹಿಲ್ ಹತ್ತಿರ ಮಣ್ಣು ಕೊಚ್ಚಿಹೋಗಿ ಹಳಿ ಗಾಳಿಯಲ್ಲಿ ನೇತಾಡಿತು. ಉಳಿದ ತಿಂಗಳಲ್ಲೂ ಮಳೆ ಸುರಿದಿದ್ದರೆ ಹಿಂದಿನ ದಿನವೇ ಗಾಡಿ ಓಡುತ್ತಿದೆಯೇ ವಿಚಾರಿಸಿ. ನಿಂತಿದ್ದರೆ ಕಾಲ್ಕಾದಿಂದ ಬಸ್ಸು, ಟ್ಯಾಕ್ಸಿ ಸಿಗುತ್ತವೆ.