ಕೊನೆಗೂ ಒಂದು ಮುಗಿಯುವ ಕಾಯಿಲೆ

ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದಲ್ಲಿ ಬೋಬ್ಲಿಂಗೆನ್ ಅಂತ ಒಂದು ಊರಿದೆ. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಸಣ್ಣ ತೂತಿನ ಮೂಲಕ ಪಿತ್ತಕೋಶ (ಲಿವರ್ ಕೆಳಗೆ ಪಿತ್ತರಸ ಕೂಡಿಡುವ ಪುಟ್ಟ ಚೀಲ) ತೆಗೆಯುವ ಆಪರೇಷನ್ ಪ್ರಪಂಚದಲ್ಲಿ ಮೊದಲು ನಡೆದದ್ದು ಅಲ್ಲಿ, 1985ರ ಸೆಪ್ಟೆಂಬರಿನಲ್ಲಿ. ಮಾಡಿದವರು ಎರಿಷ್ ಮ್ಯೂಹೆ ಎಂಬ ಸರ್ಜನ್. ಮರುವರ್ಷ ಜರ್ಮನ್ ಸರ್ಜನ್‌ಗಳ ಸಂಘದ ಸಭೆಯಲ್ಲಿ ಅವರು ಇದನ್ನು ಹೇಳಿದಾಗ ಮೆಚ್ಚುಗೆ ಸಿಗಲಿಲ್ಲ, ಗೇಲಿ ಸಿಕ್ಕಿತು. 1992ರಲ್ಲಿ ಅದೇ ಸಂಘ ಕರೆದು ಪ್ರಶಸ್ತಿ ಕೊಟ್ಟಿತು. ನಾನಿರುವ ಜಾಗದಿಂದ ಆ ಊರಿಗೆ ಲೋಕಲ್ ಟ್ರೇನಿನಲ್ಲಿ ಹೋಗಿ ಬರಬಹುದು. ಪಿತ್ತಕೋಶದಲ್ಲಿ ಕಲ್ಲಾಗಿ, ಮುಂದಿನ ವಾರ ಅದೇ ಆಪರೇಷನ್ ನನಗೂ ಇದೆ, ಬೇರೆ ಆಸ್ಪತ್ರೆಯಲ್ಲಿ.

ಇನ್ನೂ ಹಿಂದಕ್ಕೆ ಹೋದರೆ, ಪಿತ್ತಕೋಶವನ್ನೇ ಪೂರ್ತಿ ತೆಗೆದ ಮೊದಲ ಆಪರೇಷನ್ ಕೂಡ ಜರ್ಮನಿಯದ್ದು. 1882ರ ಜುಲೈನಲ್ಲಿ ಬರ್ಲಿನ್‌ನಲ್ಲಿ ಕಾರ್ಲ್ ಲಾಂಗೆನ್‌ಬುಖ್ ಮಾಡಿದ್ದು. ಅದಕ್ಕೂ ಮೊದಲು ಕಲ್ಲನ್ನಷ್ಟೇ ತೆಗೆದು ಚೀಲವನ್ನು ಹಾಗೇ ಬಿಡುತ್ತಿದ್ದರು. ಕಲ್ಲು ಹುಟ್ಟುವುದೇ ಈ ಚೀಲದಲ್ಲಿ, ಹಾಗಾಗಿ ಚೀಲವೇ ಹೋಗಬೇಕು ಎಂಬುದು ಲಾಂಗೆನ್‌ಬುಖ್ ವಾದ. ಆ ರೋಗಿ ಮರುದಿನ ಆರಾಮಾಗಿ ಸಿಗಾರ್ ಸೇದುತ್ತಿದ್ದರಂತೆ. ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ನಿನಗೆ ಅದೊಂದು ಕಲಿಯುವುದು ಬಾಕಿ ಇತ್ತು ನೋಡು" ಅಂದಳು.

ಊರಲ್ಲಿ ಎಲ್ಲರಿಗೂ ಭಯ. ಆಪರೇಷನ್ ಅನ್ನುವ ಪದವೇ ಸಾಕು, ಅದರಲ್ಲೂ ಪರದೇಶ. "ಒಬ್ಬಳೇ ಇರೋ ಮಗಳನ್ನು ಅಲ್ಲಿ ಯಾರು ನೋಡಿಕೊಳ್ತಾರೆ, ಇಲ್ಲಿಗೆ ಬಂದುಬಿಡಲಿ" ಅಂತ ದೊಡ್ಡಮ್ಮ ಅಮ್ಮನ ತಲೆ ತಿನ್ನುತ್ತಿದ್ದಾರೆ. ನನಗೆ ಮಾತ್ರ, ಹೇಳಿದರೆ ನಂಬುವುದಿಲ್ಲ ನೀವು, ಒಂಥರಾ ನೆಮ್ಮದಿ. ಧೈರ್ಯಶಾಲಿ ಅಂತೇನಲ್ಲ. ನನಗೆ ಮೊದಲೇ ಕ್ರೋನ್ಸ್ ಕಾಯಿಲೆ ಇದೆ, ಅದಕ್ಕೆ.

ಕ್ರೋನ್ಸ್ ಅಂದರೆ ಕರುಳಿನಲ್ಲಿ ಬಿಟ್ಟುಬಿಟ್ಟು ಉರಿಯೂತ ಬರುವ ಕಾಯಿಲೆ. ಸೋಂಕು ಅಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಹತೋಟಿಯಲ್ಲಿ ಇಡಬಹುದು, ಪೂರ್ತಿ ವಾಸಿಯಾಗುವುದಿಲ್ಲ. ಮೈಮೇಲೆ ಏನೂ ಕಾಣಿಸದ ಕಾರಣ ಜನ "ನೋಡೋಕೆ ಚೆನ್ನಾಗೇ ಇದ್ದೀಯಲ್ಲ" ಅನ್ನುತ್ತಾರೆ. ಹೊಗಳಿಕೆಯೋ ಅನುಮಾನವೋ ಇವತ್ತಿಗೂ ಗೊತ್ತಾಗಿಲ್ಲ.

ಇಂಥ ಕಾಯಿಲೆಯಲ್ಲಿ "ಯಾವಾಗ ವಾಸಿ?" ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ಇಂಜೆಕ್ಷನ್ ಆಯಿತು, ಮುಂದಿನದು ಯಾವಾಗ? ರಕ್ತ ಪರೀಕ್ಷೆ ಚೆನ್ನಾಗಿ ಬಂತು, ಮುಂದಿನದು ಹೇಗೋ? ಪಿತ್ತಕೋಶದ್ದು ಹಾಗಲ್ಲ. ತಾರೀಕು ಗೊತ್ತಾಗಿದೆ. ಎಲ್ಲ ಸರಿಯಾಗಿ ನಡೆದರೆ ಗಾಯ ಒಣಗುತ್ತದೆ, ಕಡತ ಮುಚ್ಚುತ್ತಾರೆ. ಊರವರಿಗೆ ದೊಡ್ಡದಾಗಿ ಕಾಣುವುದು ಆಪರೇಷನ್. ನನ್ನ ಲೆಕ್ಕದಲ್ಲಿ ಅದು ಚಿಕ್ಕದು. ಕೊನೆ ಇರುವ ಕಾಯಿಲೆಯೊಂದು ನನಗೂ ಬಂತಲ್ಲ ಅಂತ ಸುಮ್ನೆ ಖುಷಿ.

ಈ ಎರಡಕ್ಕೂ ಸಂಬಂಧ ಇದೆ. ಲಿವರ್ ತಯಾರಿಸುವ ಪಿತ್ತರಸದಲ್ಲಿ ಪಿತ್ತ ಲವಣಗಳು ಇರುತ್ತವೆ. ಕೊಬ್ಬು ಜೀರ್ಣವಾಗುವುದಕ್ಕೆ ಅವು ಬೇಕು. ಕೆಲಸ ಮುಗಿದ ಮೇಲೆ ಸಣ್ಣ ಕರುಳಿನ ಕೊನೆಯ ಭಾಗ ಅವುಗಳಲ್ಲಿ ನೂರಕ್ಕೆ ಸುಮಾರು 95 ಭಾಗವನ್ನು ಹೀರಿಕೊಂಡು ಲಿವರ್‌ಗೆ ವಾಪಸ್ ಕಳಿಸುತ್ತದೆ. ಕ್ರೋನ್ಸ್‌ಗೆ ಬಹಳ ಇಷ್ಟವಾದ ಜಾಗವೂ ಅದೇ ಕೊನೆಯ ಭಾಗ. ಅದು ಕೆಟ್ಟರೆ ಲವಣ ವಾಪಸ್ ಹೋಗುವುದಿಲ್ಲ. ಲವಣ ಕಡಿಮೆಯಾದರೆ ಪಿತ್ತರಸದಲ್ಲಿನ ಕೊಲೆಸ್ಟ್ರಾಲ್ ಕರಗಿ ನಿಲ್ಲದೆ ಹರಳುಗಟ್ಟುತ್ತದೆ. ಹಾಗಾಗಿ ನಮ್ಮಂಥವರಿಗೆ ಪಿತ್ತಕೋಶದಲ್ಲಿ ಕಲ್ಲು ಆಗುವ ಸಾಧ್ಯತೆ ಜಾಸ್ತಿ. "ಏನು ತಿಂದು ಬಂತು?" ಅಂತ ಕೇಳಿದವರಿಗೆಲ್ಲ ಇದೇ ಉತ್ತರ.

ನೋವು ಮಾತ್ರ ಕ್ರೋನ್ಸ್‌ನದ್ದಲ್ಲ ಅಂತ ಬೇಗ ಗೊತ್ತಾಯಿತು. ಬಲಗಡೆ ಪಕ್ಕೆಲುಬಿನ ಕೆಳಗೆ ಶುರುವಾಗಿ ಬೆನ್ನಿಗೆ, ಬಲ ಹೆಗಲಿಗೆ ಹೋಗುತ್ತಿತ್ತು. ಜಿಡ್ಡಿನ ಊಟದ ಮೇಲೆ, ಹೆಚ್ಚಾಗಿ ರಾತ್ರಿ. ವೈದ್ಯರು ಅಲ್ಲೇ ಬೆರಳಿಟ್ಟು ಒತ್ತಿ "ಉಸಿರು ಎಳೆಯಿರಿ" ಅಂದರು, ಅರ್ಧಕ್ಕೇ ಉಸಿರು ನಿಂತಿತು. ಆಮೇಲೆ ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನಿಂಗ್, ಕಲ್ಲು ಕಂಡಿತು. ನೋವಿಗೆ 0ಯಿಂದ 10ರ ಒಳಗೆ ಎಷ್ಟು ಅಂಕ ಅಂತ ಕೇಳುತ್ತಾರಲ್ಲ, ಅದು ಮಾತ್ರ ನನಗೆ ಕಷ್ಟ. ವರ್ಷಗಟ್ಟಲೆ ಹೊಟ್ಟೆನೋವಿನ ಜೊತೆ ಇದ್ದವರ 5 ಬೇರೆಯವರ 8 ಆಗಿರಬಹುದು. ಈಗ ಅಂಕ ಹೇಳುವುದನ್ನೇ ಬಿಟ್ಟಿದ್ದೇನೆ. "ಮಲಗೋಕೆ ಆಗಲಿಲ್ಲ, ಬೆಳಗಿನವರೆಗೆ ಕೂತಿದ್ದೆ" ಅನ್ನುತ್ತೇನೆ. ಅದು ಅವರಿಗೂ ಸರಿಯಾಗಿ ಅರ್ಥವಾಗುತ್ತದೆ.

ಕಿಡ್ನಿ ಕಲ್ಲಿಗೆ ಹೇಳುವ ಮನೆಮದ್ದುಗಳು ಈಗ ವಾಟ್ಸಾಪ್ ತುಂಬ ಬರುತ್ತಿವೆ. ಪ್ರೀತಿಯಿಂದ ಕಳಿಸುತ್ತೀರಿ, ಗೊತ್ತು. ಆದರೆ ಇದು ಬೇರೆ ಕಲ್ಲು, ಬೇರೆ ದಾರಿ. ನೀರು ಕುಡಿದರೆ ಮೂತ್ರದಲ್ಲಿ ಹೋಗುವಂಥದ್ದಲ್ಲ. ಕರಗಿಸುವ ಮಾತ್ರೆ ಇದೆ, ಆದರೆ ಅದು ಸಣ್ಣ ಕೊಲೆಸ್ಟ್ರಾಲ್ ಕಲ್ಲಿಗೆ ಮಾತ್ರ. ತಿಂಗಳುಗಟ್ಟಲೆ ನುಂಗಬೇಕು, ನಿಲ್ಲಿಸಿದ ಮೇಲೆ ಕಲ್ಲು ಮತ್ತೆ ಬರಬಹುದು. ನೋವೇ ಕೊಡದ ಕಲ್ಲಾದರೆ ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ನನ್ನದು ಪದೇ ಪದೇ ಕಾಡುತ್ತಿದೆ. ಜಾರಿ ಪಿತ್ತನಾಳಕ್ಕೆ ಸಿಕ್ಕಿಕೊಂಡರೆ ಕಾಮಾಲೆ, ಮೇದೋಜ್ಜೀರಕದ ಉರಿಯೂತ ಎಲ್ಲ ಆಗಬಹುದು. ಅದಕ್ಕೆ ಆಪರೇಷನ್.

"ಪಿತ್ತಕೋಶ ಇಲ್ಲದೆ ಬದುಕೋದು ಹೇಗೆ?" ಅಂತ ತಮ್ಮ ಕೇಳಿದ. ಮನೆ ಮೇಲಿನ ಟ್ಯಾಂಕ್ ತೆಗೆದು ನಲ್ಲಿಗೆ ನೇರ ಪೈಪ್ ಕೊಟ್ಟ ಹಾಗೆ ಅಂದೆ. ಪಿತ್ತರಸ ಮಾಡುವುದು ಲಿವರ್, ಅದು ಇದ್ದೇ ಇರುತ್ತದೆ. ಕೂಡಿಟ್ಟು ಊಟದ ಹೊತ್ತಿಗೆ ಬಿಡುವ ವ್ಯವಸ್ಥೆ ಹೋಗುತ್ತದೆ, ಅಷ್ಟೇ.

ಇಲ್ಲಿ ನನಗೆ ತುಂಬ ಹಿಡಿಸಿದ್ದು ಆಪರೇಷನ್‌ಗೆ ಮೊದಲಿನ ಮಾತುಕತೆ. ಏನು ಮಾಡುತ್ತೇವೆ, ಏನೇನು ಅಪಾಯ ಇದೆ, ಬೇರೆ ದಾರಿ ಇದೆಯಾ ಎಂಬುದನ್ನೆಲ್ಲ ವೈದ್ಯರು ಬಾಯಲ್ಲೇ, ಅರ್ಥವಾಗುವ ಹಾಗೆ ಹೇಳಬೇಕು. ಯೋಚಿಸುವುದಕ್ಕೆ ಸಮಯ ಸಿಗುವಷ್ಟು ಮೊದಲೇ ಹೇಳಬೇಕು. 2013ರಿಂದ ಇದು ಕಾನೂನಿನಲ್ಲೇ ಬರೆದಿದೆ. ಸಹಿ ಹಾಕಿದ ಕಾಗದದ ಪ್ರತಿಯನ್ನೂ ಕೊಡುತ್ತಾರೆ. ಸರ್ಜನ್ ಹೊಟ್ಟೆಯ ಚಿತ್ರದ ಮೇಲೆ ಪೆನ್ನಿನಲ್ಲಿ ಗೀಚುತ್ತಾ ತೋರಿಸಿದರು: ನಾಲ್ಕು ಸಣ್ಣ ತೂತು, ಜಾಗ ಮಾಡಿಕೊಳ್ಳಲು ಹೊಟ್ಟೆಯೊಳಗೆ ಇಂಗಾಲದ ಡೈ ಆಕ್ಸೈಡ್, ಒಂದು ತೂತಿನಲ್ಲಿ ಕ್ಯಾಮೆರಾ. ರಕ್ತಸ್ರಾವ, ಸೋಂಕು, ಪಿತ್ತನಾಳಕ್ಕೆ ಪೆಟ್ಟು, ಎಲ್ಲವನ್ನೂ ಹೆಸರಿಟ್ಟು ಹೇಳಿದರು. ಒಳಗೆ ಸರಿಯಾಗಿ ಕಾಣದಿದ್ದರೆ ಹೊಟ್ಟೆ ತೆರೆದೇ ಮಾಡುತ್ತೇವೆ, ಅದನ್ನು ಸೋಲು ಅಂದುಕೊಳ್ಳಬೇಡಿ ಅಂದರು. ಎದ್ದ ಮೇಲೆ ಹೆಗಲು ನೋಯಬಹುದಂತೆ, ಆ ಗಾಳಿ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಯನ್ನು ಕೆಣಕುವುದರಿಂದ. ಇದು ಮೊದಲೇ ಗೊತ್ತಿಲ್ಲದವರು ಹಾರ್ಟ್‌ಗೆ ಏನೋ ಆಯಿತು ಅಂತ ಗಾಬರಿಯಾಗುತ್ತಾರೆ, ಅಲ್ವಾ?

ಊರಲ್ಲಿ ಕೆಲವರು "ಅಷ್ಟೆಲ್ಲ ಯಾಕೆ ಕೇಳ್ತೀಯ, ಪಾಸಿಟಿವ್ ಆಗಿರು" ಅನ್ನುತ್ತಾರೆ. ನಾನು ಪಾಸಿಟಿವ್ ಆಗಿರುವುದೇ ಕೇಳಿದ್ದರಿಂದ. ಗೊತ್ತಿಲ್ಲದ ಭಯಕ್ಕಿಂತ ಗೊತ್ತಿರುವ ಭಯ ಹಗುರ. ಅಳು ಬಂದ ರಾತ್ರಿಗಳೂ ಇವೆ, ಅವತ್ತು ಅತ್ತಿದ್ದೇನೆ. ಅಳಬಾರದು ಅಂತ ಹಲ್ಲು ಕಚ್ಚಿ ನಗುವುದು ಕಾಯಿಲೆಯ ಮೇಲೆ ಇನ್ನೊಂದು ಕೆಲಸ.

ಕೈಯಲ್ಲಿರುವುದನ್ನು ಮಾಡಿದ್ದೇನೆ. ಔಷಧಿಗಳ ಪಟ್ಟಿ ಬರೆದು ಅರಿವಳಿಕೆ ವೈದ್ಯರಿಗೆ ಕೊಟ್ಟಾಗಿದೆ. ಕ್ರೋನ್ಸ್ ಇಂಜೆಕ್ಷನ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಅದನ್ನು ಯಾವಾಗ ತೆಗೆದುಕೊಳ್ಳಬೇಕು ಅಂತ ಕರುಳಿನ ವೈದ್ಯರು ಮತ್ತು ಸರ್ಜನ್ ಮಾತಾಡಿ ನಿರ್ಧರಿಸಿದ್ದಾರೆ. ಇಂಥ ಔಷಧಿಯನ್ನು ನಾವಾಗೇ ನಿಲ್ಲಿಸಬಾರದು, ಸ್ಟೀರಾಯ್ಡ್ ಆದರಂತೂ ಖಂಡಿತ ಬೇಡ. ರಜೆಯ ಚಿಂತೆ ಇಲ್ಲ. ವೈದ್ಯರ ಚೀಟಿ ಇದ್ದರೆ ಆರು ವಾರದವರೆಗೆ ಕಂಪನಿ ಪೂರ್ತಿ ಸಂಬಳ ಕೊಡಬೇಕು. ಪಕ್ಕದ ಮನೆಯ ಅಜ್ಜಿ ಗಿಡಗಳಿಗೆ ನೀರು ಹಾಕುವುದನ್ನು ಒಪ್ಪಿಕೊಂಡಿದ್ದಾರೆ, ಆಸ್ಪತ್ರೆಯಿಂದ ಗೆಳತಿ ಕರೆತರುತ್ತಾಳೆ. ದೊಡ್ಡಮ್ಮನಿಗೆ ಇಷ್ಟು ಹೇಳಿಬಿಡಿ.

ಒಂದು ಪ್ರಶ್ನೆ ಉಳಿದಿತ್ತು. ಪಿತ್ತಕೋಶ ತೆಗೆದವರಲ್ಲಿ ಕೆಲವರಿಗೆ ಪಿತ್ತರಸದಿಂದಲೇ ಭೇದಿ ಆಗುತ್ತದೆ. ನನಗೆ ಭೇದಿಯಾದರೆ ಅದು ಪಿತ್ತದ್ದೋ ಕ್ರೋನ್ಸ್‌ದ್ದೋ ತಿಳಿಯುವುದು ಹೇಗೆ? ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಎಷ್ಟಿದೆ ಅಂತ ಪರೀಕ್ಷೆ ಮಾಡಿಸೋಣ ಅಂದರು ಕರುಳಿನ ವೈದ್ಯರು. ಕರುಳಿನಲ್ಲಿ ಉರಿಯೂತ ಇದ್ದರೆ ಅದು ಏರುತ್ತದೆ. ಏರದೆ ಭೇದಿ ಮಾತ್ರ ಇದ್ದರೆ, ಪಿತ್ತ ಲವಣವನ್ನು ಹಿಡಿದಿಡುವ ಕೊಲೆಸ್ಟೈರಮೀನ್ ಪುಡಿ ಕೊಟ್ಟು ನೋಡಬಹುದಂತೆ. ಆ ಭೇಟಿಯ ಅಪಾಯಿಂಟ್‌ಮೆಂಟ್ ಈಗಲೇ ತೆಗೆದುಕೊಂಡಿದ್ದೇನೆ. ಇಲ್ಲಿ ತಜ್ಞ ವೈದ್ಯರ ಅಪಾಯಿಂಟ್‌ಮೆಂಟ್ ಸಿಗುವುದು ಆಪರೇಷನ್‌ಗಿಂತ ಕಷ್ಟ.