ಲಾರಿ ಬರುವ ದಿನ ಎಂಸಿಎಫ್‌ನಲ್ಲಿ

ಒಣ ಕಸ ಕೊಂಡುಹೋಗುವ ಕ್ಲೀನ್ ಕೇರಳ ಕಂಪೆನಿಯ ಲಾರಿ ಬರುತ್ತದೆಂದು ಗೊತ್ತಾದ ದಿನ ಪಂಚಾಯತಿನ ಎಂಸಿಎಫ್‌ನಲ್ಲಿ, ಅಂದರೆ ಆ ಕಸ ತಂದು ವಿಂಗಡಿಸುವ ಶೆಡ್ಡಿನಲ್ಲಿ, ಬೆಳಗ್ಗೆಯಿಂದಲೇ ಮೂಟೆ ಬಿಚ್ಚುವ ಕೆಲಸ. ಮಂಜೇಶ್ವರದ ಈ ಕಡೆ ಆಟಿಯ ಮಳೆ ಹಿಡಿದರೆ ಬಿಡುವುದಿಲ್ಲ. ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಅಕ್ಕಂದಿರು ಗುಡ್ಡದ ಮನೆಗಳಿಂದ ಹೊತ್ತು ತಂದ ಗೋಣಿಗಳು ಎಷ್ಟೋ ಸಲ ಒದ್ದೆಯಾಗಿಯೇ ಬಂದಿರುತ್ತವೆ. ವಿಂಗಡಿಸಿದ ಒಣ ಮಾಲಿಗೆ ಕಂಪೆನಿ ದುಡ್ಡು ಕೊಡುತ್ತದೆ. ಮರುಬಳಕೆಗೆ ಬಾರದ್ದನ್ನು ಸಾಗಿಸಲು ಪಂಚಾಯತೇ ದುಡ್ಡು ಕೊಡಬೇಕು. ಒಳ್ಳೆಯ ಮಾಲು ಒದ್ದೆಯಾಗಿ ಕೆಟ್ಟರೆ ಬರುವ ದುಡ್ಡೂ ಹೋಯಿತು, ಕೈಯಿಂದಲೂ ಹೋಯಿತು.

ಮೊದಲು ಕೈಗೆ ಬರುವುದು ಹಾಲಿನ ತೊಟ್ಟೆ. ಇದು ಎಲ್‌ಡಿಪಿಇ ಎಂಬ ಮೆತ್ತನೆಯ ಪ್ಲಾಸ್ಟಿಕ್, ಬೇಡಿಕೆಯಿರುವ ಮಾಲು. ತೊಳೆಯದೆ ಗಂಟು ಕಟ್ಟಿಟ್ಟರೆ ಒಳಗಿನ ಹಾಲು ಹುಳಿತು ಹುಳ ಬೀಳುತ್ತದೆ, ಅದೇ ಗೋಣಿಯ ಕಾಗದವೂ ಹಾಳು. ಮನೆಯಲ್ಲಿ ಮೂಲೆಯನ್ನು ಪೂರ್ತಿ ಕತ್ತರಿಸಬಾರದು, ಚೂರು ತೊಟ್ಟೆಗೇ ಅಂಟಿಕೊಂಡಿರಲಿ. ಬೇರೆಯಾದ ಚೂರು ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ. ಆಮೇಲೆ ಅಗಲಕ್ಕೆ ಸೀಳಿ, ನೀರಲ್ಲಿ ಅಲುಬಿ, ಹಗ್ಗಕ್ಕೆ ಹಾಕಿದರೆ ಸಾಕು.

ನೀರಿನ ಬಾಟಲಿಯ ಮುಚ್ಚಳ ತೆಗೆಯಲೇಬೇಕು. ಬಿಗಿದ ಮುಚ್ಚಳವಿದ್ದರೆ, ಮಾಲನ್ನು ಒತ್ತಿ ಬೇಲು (ಬಿಗಿ ಕಟ್ಟು) ಮಾಡುವ ಬೇಲಿಂಗ್ ಯಂತ್ರ ಒತ್ತುವಾಗ ಗಾಳಿ ಹೋಗಲು ದಾರಿಯಿಲ್ಲ. ಬಾಟಲಿ ಸಿಡಿಯುತ್ತದೆ, ಇಲ್ಲವೇ ಮತ್ತೆ ಉಬ್ಬಿ ಬೇಲಿನ ಪಟ್ಟಿ ಸಡಿಲವಾಗುತ್ತದೆ. ಎರಡೂ ಬೇರೆ ಬೇರೆ ಬಗೆಯ ಪ್ಲಾಸ್ಟಿಕ್: ಬಾಟಲಿ ಪಿಇಟಿ, ಮುಚ್ಚಳ ಪಿಪಿ ಅಥವಾ ಎಚ್‌ಡಿಪಿಇ. ಸಂಶಯ ಬಂದರೆ ಒಂದು ಚೂರನ್ನು ಬಕೆಟಿನ ನೀರಿಗೆ ಹಾಕಿದರೆ ಗೊತ್ತಾಗುತ್ತದೆ: ಮುಚ್ಚಳದ್ದು ತೇಲುತ್ತದೆ, ಬಾಟಲಿಯದ್ದು ಮುಳುಗುತ್ತದೆ. ತೊಂದರೆ ಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕಿನದ್ದು, ಅದೂ ಮುಳುಗುತ್ತದೆ. ಅದಕ್ಕೆ ತಳ ನೋಡಬೇಕು. ಪಿಇಟಿ ಬಾಟಲಿಯ ತಳದ ನಡುವೆ ಸಣ್ಣ ಚುಕ್ಕೆ, ಪಿವಿಸಿ ಬಾಟಲಿಗೆ ಅಡ್ಡ ಬೆಸುಗೆಯ ಗೆರೆ. ಪಿಇಟಿ ಕರಗಲು 250 ಡಿಗ್ರಿಯಷ್ಟು ಕಾವು ಬೇಕು. ಪಿವಿಸಿ ಅಷ್ಟು ತಡೆಯದೆ ಆಮ್ಲ ಬಿಟ್ಟು ಇಡೀ ಮಾಲನ್ನು ಹಳದಿ ಮಾಡುತ್ತದೆ. ಕೆಲವೇ ಬಾಟಲಿ ಸಾಕು, ಬೇಲು ಕೆಡಲು.

ತೋಟದ ಗೊಬ್ಬರ ಚೀಲಕ್ಕೆ ಹೆಚ್ಚು ಹೊತ್ತು ಬೇಕು. ಹೊರಗಿನ ನೇಯ್ದ ಚೀಲ ಪಿಪಿ, ಒಳಗಿನ ತೆಳು ಪದರ ಎಲ್‌ಡಿಪಿಇ; ಎರಡನ್ನೂ ಎಳೆದು ಬೇರೆ ಮಾಡಬೇಕು. ಬಾಯಿಯ ಹೊಲಿಗೆ ನೂಲು ಬಿಟ್ಟರೆ ಪ್ಲಾಸ್ಟಿಕ್ ಚೂರು ಮಾಡುವ ಶ್ರೆಡ್ಡರಿನ ದಂಡಕ್ಕೆ ಸುತ್ತಿಕೊಳ್ಳುತ್ತದೆ. ಮಣ್ಣು ಕೊಡವದೆ ಹಾಕಿದರೆ ಹೊಯಿಗೆ ಬ್ಲೇಡಿನ ಮೊನೆ ಸವೆಸುತ್ತದೆ, ಮೊಂಡಾದ ಬ್ಲೇಡು ಕತ್ತರಿಸುವುದಿಲ್ಲ, ಜಗ್ಗಿ ಬಿಸಿ ಮಾಡುತ್ತದೆ. ಅಡಿಕೆ ಅಂಗಳದ ಹಳೆಯ ಶೀಟು ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದಿದ್ದರೆ ಬೇರೆಯೇ ಇಡಬೇಕು. ಕೀಟನಾಶಕದ ಬಾಟಲಿಯನ್ನಂತೂ ಈ ಮಾಲಿಗೆ ಸೇರಿಸಲೇಬಾರದು.

ಶ್ರೆಡ್ ಮಾಡಿದ ಚೂರು ರಸ್ತೆಗೆ ಹೋಗುತ್ತದೆ. ಮಧುರೈಯ ಪ್ರೊಫೆಸರ್ ಆರ್. ವಾಸುದೇವನ್ ತೋರಿಸಿಕೊಟ್ಟ ಕ್ರಮ ಅದು: ಜಲ್ಲಿಯನ್ನು ಸುಮಾರು 160ರಿಂದ 170 ಡಿಗ್ರಿಗೆ ಕಾಯಿಸಿ ಚೂರು ಸುರಿದರೆ ಜಲ್ಲಿಗೆ ತೆಳುವಾಗಿ ಹಿಡಿಯುತ್ತದೆ, ಟಾರು ಆಮೇಲೆ. ಪ್ರಮಾಣ ಟಾರಿನ ತೂಕದ ನೂರಕ್ಕೆ 6ರಿಂದ 8. ಚೂರು ಒದ್ದೆಯಿದ್ದರೆ ಜಲ್ಲಿಗೆ ಸರಿಯಾಗಿ ಹಿಡಿಯದೆ ಉಂಡೆ ಕಟ್ಟುತ್ತದೆ. ಚಿಪ್ಸ್, ಚಹಾಪುಡಿಯ ಬೆಳ್ಳಿಬಣ್ಣದ ಪೊಟ್ಟಣಕ್ಕೆ ಹಲವು ಪದರ ಇರುವುದರಿಂದ ಅದನ್ನು ಕೊಳ್ಳುವವರಿಲ್ಲ, ಅದು ಉರಿಸಲು ಸಿಮೆಂಟ್ ಕಾರ್ಖಾನೆಯ ಗೂಡಿಗೆ.

ಮೊಬೈಲಿನ ಹಳೆಯ ಬ್ಯಾಟರಿ ಗೋಣಿಯಲ್ಲಿ ಸಿಕ್ಕರೆ ಆಗಲೇ ಹೊರಗೆ ತೆಗೆದು ಬೇರೆ ಡಬ್ಬಿಗೆ. ಯಂತ್ರದಡಿ ಅದು ನಜ್ಜುಗುಜ್ಜಾದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿ ದಿನಗಟ್ಟಲೆ ಉರಿದದ್ದನ್ನು ಕಂಡ ಮೇಲೆ, ಶೆಡ್ಡಿನಲ್ಲಿ ಹೊಯಿಗೆ ತುಂಬಿದ ಬಕೆಟು ಇಲ್ಲದಿದ್ದರೆ ನಮಗೆ ಕೆಲಸ ಶುರು ಮಾಡಲು ಮನಸ್ಸು ಬರುವುದಿಲ್ಲ.

ಲಾರಿಗೆ ಪಿಇಟಿ ಬೇಲುಗಳು ಕೆಳಗೆ, ಹಗುರದ ಮೂಟೆಗಳು ಮೇಲೆ. ತೂಕದ ಚೀಟಿಯಲ್ಲಿ ಪ್ರತಿ ಬಗೆಯ ತೂಕ ಬೇರೆ ಬೇರೆ ಬರೆಸಿಕೊಳ್ಳಬೇಕು. ಒಟ್ಟು ತೂಕವೊಂದೇ ಇದ್ದರೆ ಹಾಲಿನ ತೊಟ್ಟೆಗೆ ಎಷ್ಟು ಬಂತೆಂದು ಅಕ್ಕಂದಿರಿಗೆ ಲೆಕ್ಕ ಸಿಗುವುದಿಲ್ಲ.